ಪುಷ್ಪರೇಖಾಳ ತುಟಿ, ಹಣಮಮ್ಮನ ದನಿ

ಹಣಮಮ್ಮನ ದನಿ ಎಂಥದ್ದೆಂದರೆ, ಅವಳು ಅಡುಗೆಮನೆಯಲ್ಲಿ ಕೂತು ಉಪ್ಪು ಕೇಳಿದರೆ ಕಲಬುರ್ಗಿಯ ಜೇವರ್ಗಿ ಕಾಲೋನಿಯ ಆ ಸಾಲಿನ ಕೊನೆಯ ಮನೆಯ ಶಾಹಜಾದಿ ತನ್ನ ಉಪ್ಪಿನ ಡಬ್ಬಿ ಎತ್ತಿಕೊಳ್ಳಬೇಕು. ಅಂಥವಳನ್ನು ಮದ್ರಾಸಿನ ಸಿನಿಮಾದವರು ವರ್ಷಗಟ್ಟಲೆ ಮೂಕಿ ಮಾಡಿ ಇಟ್ಟುಕೊಂಡಿದ್ದರು ಎಂದರೆ ನಂಬುವವರು ಯಾರು? ಕಾಲೋನಿಯವರು ಕೇಳಿ ನಗುತ್ತಿದ್ದರು. ಭೀಮಬಾಯಿಗೆ ಮಾತ್ರ ನಗು ಬರುತ್ತಿರಲಿಲ್ಲ. ಎರಡೂ ಹೊತ್ತು ಆ ದನಿಯ ಕೆಳಗೆ ಕೂತು ರೊಟ್ಟಿ ಬಡಿಯುವವಳು ಅವಳು.

"ಭೀಮಾ, ರೊಟ್ಟಿ ದಪ್ಪ ಆಗ್ಯಾದ ನೋಡ."

"ದಪ್ಪ ಆದ್ರ ಹೊಟ್ಟಿ ತುಂಬ್ತದ ಅತ್ತಿ."

"ಹೊಟ್ಟಿ ತುಂಬ್ತದ, ಹಲ್ಲು ಉದುರ್ತಾವ."

ಹಣಮಮ್ಮ ಭೀಮಬಾಯಿಯ ಗಂಡ ಅಂಬಣ್ಣನ ಸೋದರತ್ತೆ. ಕಮಲಾಪುರದಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಜೊತೆ ಹರೆಯದಲ್ಲೇ ಹೋಗಿ, ಅಲ್ಲಿಂದ ಮದ್ರಾಸಿನ ಸ್ಟುಡಿಯೋ ಸೇರಿದವಳು. ಅಲ್ಲಿ ಅವಳ ಹೆಸರು ಕುಮಾರಿ ಪುಷ್ಪರೇಖಾ. ನಾಯಕಿಯ ಗೆಳತಿಯಾಗಿ, ತಂಗಿಯಾಗಿ, ಚಾಮರ ಬೀಸುವ ದಾಸಿಯಾಗಿ ನಿಂತಳು. ಮುಖ ಲಕ್ಷಣವಾಗಿತ್ತು, ಕ್ಯಾಮೆರಾದವರಿಗೆ ಬಲು ಇಷ್ಟ. ಆದರೆ ಮೊದಲ ದಿನ ಬಾಯಿ ತೆರೆದು ಎರಡು ಮಾತು ಆಡಿದ್ದೇ ತಡ, ದೀಪ ಹಿಡಿದವರಿಂದ ಹಿಡಿದು ಡೈರೆಕ್ಟರನವರೆಗೆ ಎಲ್ಲರೂ ನಕ್ಕರು. ಇದೆಂಥ ಕನ್ನಡವಮ್ಮ ಎಂದರು. ಮುಖ ಇವಳದೇ ಇರಲಿ, ಮಾತು ಬೇರೆಯವಳಿಂದ ಹೇಳಿಸೋಣ ಎಂದು ತೀರ್ಮಾನವಾಯಿತು. ಅಲ್ಲಿಂದ ಮುಂದೆ ಒಂದು ಸಿನಿಮಾದಲ್ಲೂ ಹಣಮಮ್ಮನ ದನಿ ಇಲ್ಲ. ಪಾತ್ರಗಳು ಬತ್ತಿಹೋದ ಮೇಲೆ ಅವಳನ್ನು ಕರೆತಂದು ಮನೆಯಲ್ಲಿ ಇರಿಸಿಕೊಂಡವನು ಅಂಬಣ್ಣ. ಅವನ ಅಪ್ಪ, ಅಂದರೆ ಹಣಮಮ್ಮನ ಖಾಸಾ ತಮ್ಮ ಮಾಪಣ್ಣ, ಕಮಲಾಪುರದಲ್ಲೇ ಇದ್ದ. ಅಕ್ಕನೊಡನೆ ಅವನಿಗೆ ಮಾತಿರಲಿಲ್ಲ. ತನ್ನ ಹೊಲದ ಕೆಂಪು ಬಾಳೆಯನ್ನು ಬಸ್ಸಿನಲ್ಲಿ ಮಗನ ಮನೆಗೆ ಕಳಿಸುತ್ತಿದ್ದ. ಯಾರ್‍ಯಾರಿಗೆ ಎಂದು ಹೇಳಿ ಕಳಿಸುವಾಗ ಅಕ್ಕನ ಹೆಸರು ಎತ್ತುತ್ತಿರಲಿಲ್ಲ. ಆದರೆ ಗೊನೆ ಮಾತ್ರ ಯಾವಾಗಲೂ ಮನೆಯವರಿಗೆ ಮಿಕ್ಕಿ ಉಳಿಯುವಷ್ಟು ದೊಡ್ಡದಿರುತ್ತಿತ್ತು.

ಅದು ತೊಂಬತ್ತೊಂಬತ್ತನೇ ಇಸವಿ. ಒಂದು ಭಾನುವಾರ ಟಿವಿಯಲ್ಲಿ ಹಳೆಯ ಸಿನಿಮಾ ಬರುತ್ತಿತ್ತು. ರಾಣಿ ಮೂರ್ಛೆ ಹೋಗಿದ್ದಳು. ದೂರದಲ್ಲಿ ಚಾಮರ ಹಿಡಿದು ನಿಂತ ಪುಷ್ಪರೇಖಾ ಯಾರದೋ ಜೇನಿನಂಥ ದನಿಯಲ್ಲಿ "ಕಣ್ತೆರೆಯಿರಿ ಮಹಾರಾಣಿ" ಎಂದಳು.

"ಸುಳ್ಳ!" ಎಂದಳು ಹಣಮಮ್ಮ, ಪುಂಡಿ ಪಲ್ಯ ಸೋಸುತ್ತ. "ನಾ ಅಂದಿದ್ದು ಅದಲ್ಲ. ಏಳಬೇ, ಮುಂಜಾನಿಂದ ಎರಡ ಇಡ್ಲಿ ಬಿಟ್ರ ಹೊಟ್ಟಿಗಿ ಏನಿಲ್ಲ, ನೀ ಎದ್ರ ನಮ್ಮನ್ನ ಊಟಕ್ಕ ಬಿಡ್ತಾರ ಅಂದಿದ್ದೆ."

ಭೀಮಬಾಯಿಯ ಮಗಳು ಗೌತಮಿ ಪರದೆಯ ಮೇಲೆ ಇನ್ನೂ ಆಡುತ್ತಿದ್ದ ತುಟಿ ನೋಡಿದಳು. ಹೌದಲ್ಲ! ತುಟಿ ಆಡಿದ್ದು ಇಡ್ಲಿಗೇ ಸರಿ. ಹತ್ತಿರದಿಂದ ಮುಖ ತೋರಿಸುವಾಗ ಬರೆದುಕೊಟ್ಟ ಮಾತಿಗೇ ತುಟಿ ಆಡಿಸಬೇಕಿತ್ತು. ದೂರ ನಿಂತಾಗ ಏನು ಆಡಿದರೂ ನಡೆಯುತ್ತಿತ್ತು. ಹೇಗೂ ದನಿ ತೆಗೆದುಹಾಕುತ್ತಾರಲ್ಲ ಎಂದು ಹಣಮಮ್ಮ ದೂರ ನಿಂತಾಗಲೆಲ್ಲ ತನಗೆ ಬೇಕಾದ್ದನ್ನೇ ಆಡಿದ್ದಳು. ಗೌತಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಳಿಗೆಯ ಮೇಲೆ ವೈರು ಸರಿಮಾಡುತ್ತಿದ್ದ, ಕಾಲೋನಿಯ ಕೇಬಲ್ ನಡೆಸುವ ಶಬ್ಬೀರ್ ಕೂಡ ನಕ್ಕು, ಏಣಿಯಿಂದ ಅರ್ಧ ಜಾರಿ ಇಳಿದ.

"ಖಾಲಾ, ಇದನ್ನ ನಮ್ಮ ಕೇಬಲ್‌ನಾಗ ಮಾಡ್ರಿ. ಕ್ಯಾಸೆಟ್ ನಾ ತರ್ತೀನಿ. ಆವಾಜ್ ಬಂದ್ ಮಾಡ್ತೀನಿ. ನೀವು ಖರೇ ಮಾತು ಹೇಳ್ರಿ."

"ನನ್ನ ದನೀಲೇ?"

"ಮತ್ತ್ಯಾರ ದನೀಲೇ ಖಾಲಾ?"

ಹಣಮಮ್ಮ ಪಲ್ಯ ಅಲ್ಲೇ ಬಿಟ್ಟು ಎದ್ದು ಮುಖ ತೊಳೆದಳು.

*

ಸೈಕಲ್ ಅಂಗಡಿಯ ಮೇಲಿನ ಕೋಣೆಯೇ ಶಬ್ಬೀರನ ಸ್ಟುಡಿಯೋ. ಮದುವೆ ವಿಡಿಯೋದವನ ಕ್ಯಾಮೆರಾ, ಒಂದು ಪ್ಲಾಸ್ಟಿಕ್ ಕುರ್ಚಿ, ಹಿಂದೆ ಒಂದು ಹೂವಿನ ಚಾದರ. ಶನಿವಾರ ಸಂಜೆ ಹಣಮಮ್ಮ ಅಲ್ಲಿ ಕೂತು ಮಾತಾಡತೊಡಗಿದಳು. ನಾಯಕನ ಬಾಯಿಯ ಈರುಳ್ಳಿ ವಾಸನೆಗೆ ತಾನು ಹೇಗೆ ಅತ್ತದ್ದು, ರಾಜನ ಕಿರೀಟ ಅವನ ಬೋಳುತಲೆಯಿಂದ ಹೇಗೆ ಜಾರಿದ್ದು, ಎಲ್ಲ ಬಂತು. ಮೂರು ನಾಲ್ಕು ವಾರದಲ್ಲಿ ಕಲಬುರ್ಗಿಯ ಆಟೋದವರು ಅವಳನ್ನು ಗುರುತು ಹಿಡಿದರು. ಭೀಮಬಾಯಿ ಸೂಪರ್ ಮಾರ್ಕೆಟ್ ಬಜಾರಿಗೆ ಕುಪ್ಪಸದ ಬಟ್ಟೆ ತರಲು ಹೋದರೆ ಅಂಗಡಿಯ ತುಕಾರಾಮ ಬಟ್ಟೆ ಕತ್ತರಿಸುವುದು ಬಿಟ್ಟು, "ಏಳಬೇ, ಊಟಕ್ಕ ಬಿಡ್ತಾರ" ಎಂದು ಹಣಮಮ್ಮನ ಹಾಗೆಯೇ ಎಳೆದು ಹೇಳಿ, ಮೇಲೊಂದು ಗೇಣು ಬಟ್ಟೆ ಹೆಚ್ಚಿಗೆ ಕೊಟ್ಟ. ಭೀಮಬಾಯಿಗೆ ಆವತ್ತು ಮೊದಲ ಸಲ ಆ ದನಿಯಿಂದ ಲಾಭ ಕಂಡಿತು.

ಒಂದೇ ಒಂದು ಕ್ಯಾಸೆಟ್ಟನ್ನು ಮಾತ್ರ ಹಣಮಮ್ಮ ಹಾಕಗೊಡಲಿಲ್ಲ. ಮನೆಯವರು ಅದನ್ನು ಮದುವೆ ಸಿನಿಮಾ ಎನ್ನುತ್ತಿದ್ದರು. ಶಬ್ಬೀರ್ ಎಷ್ಟು ಗೋಗರೆದರೂ, "ಅದು ಬ್ಯಾಡ. ಅದು ಮಂದಿಗಿ ಅಲ್ಲ" ಎಂದು ಸೆರಗಿನಲ್ಲಿ ಸುತ್ತಿ ಮನೆಗೆ ತಂದು ತನ್ನ ಟ್ರಂಕಿನಲ್ಲಿ ಇಟ್ಟುಬಿಟ್ಟಳು.

ಊರೆಲ್ಲ ನಗುವಾಗ ಮುಖ ಗಂಟಿಕ್ಕಿದವನು ಅಂಬಣ್ಣ ಒಬ್ಬನೇ. ಅವನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನೌಕರಿಗೆ ಸೇರಿದ ಹೊಸದರಲ್ಲಿ, ಸಾಹೇಬರು ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ "ಉಣ್ಣಾಕ ಹೋಗ್ಯಾರ್ರೀ" ಎಂದಿದ್ದ. ಮೈಸೂರು ಕಡೆಯ ಮೇಲಧಿಕಾರಿಯೊಬ್ಬ ಅದನ್ನೇ ತಿಂಗಳುಗಟ್ಟಲೆ ಅಣಕಿಸಿದ್ದ. ಅಂದಿನಿಂದ ಅಂಬಣ್ಣ ಪತ್ರಿಕೆ ಓದಿ ಓದಿ ಕನ್ನಡ ತಿದ್ದಿಕೊಂಡ. ಮನೆಯಲ್ಲೂ ಹಾಗೇ ಮಾತಾಡುತ್ತಿದ್ದ. ಹಜಾರದ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ತೋರಿಸಿ ಮಗಳಿಗೆ ಹೇಳುತ್ತಿದ್ದ, ನಾವು ಓದಿ ಮೇಲೆ ಬಂದವರು, ನಮ್ಮ ಬಾಯಿಂದ ತಪ್ಪು ಮಾತು ಬರಕೂಡದು ಎಂದು. ಅವನಿಗೆ ಬಿದ್ದ ಪೆಟ್ಟು ಸುಳ್ಳಲ್ಲ. ಆದರೆ ಆ ಪೆಟ್ಟಿನ ಸಿಟ್ಟನ್ನೆಲ್ಲ ಅವನು ಮನೆಯವರ ನಾಲಿಗೆಯ ಮೇಲೆ ತೀರಿಸಿಕೊಳ್ಳುತ್ತಿದ್ದ.

"ಅತ್ತೆ, ಕಾರ್ಯಕ್ರಮದಲ್ಲಿ ಸ್ವಲ್ಪ ಶುದ್ಧವಾಗಿ ಮಾತನಾಡಿ," ಎಂದ ಒಂದು ದಿನ ತಟ್ಟೆಯ ಮುಂದೆ ಕೂತು. "ಕಚೇರಿಯಲ್ಲಿ ಎಲ್ಲರೂ ಕೇಳುತ್ತಾರೆ."

"ಕೇಳ್ಲಿ. ಕೇಳ್ಲಿ ಅಂತೇ ಮಾತಾಡಾಕತ್ತೀನಿ."

"ಜನ ನಗುತ್ತಾರೆ."

"ನಗ್ಲಿ ಅಂತ ಹೇಳಿದ್ದಕ್ಕ ನಗ್ತಾರ. ನಿನ್ನ ಮಾತಿಗಿ ಯಾರರೆ ನಗ್ತಾರೇನೋ ಅಂಬ್ಯಾ? ನಿನ್ನ ಬಾಯಾಗ ಪೇಪರಿನವರು ಕುಂತಾರ."

ಗೌತಮಿ ಶೇಂಗಾ ಹಿಂಡಿ ಮೂಗಿಗೇರಿ ಕೆಮ್ಮಿದಳು. ಅಂಬಣ್ಣ ಅರ್ಧ ರೊಟ್ಟಿ ಬಿಟ್ಟು ಎದ್ದ.

*

ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ಒಂದು ಚಾನೆಲ್ಲಿನವರಿಗೆ ಸುದ್ದಿ ಮುಟ್ಟಿತು. ಅವರ ಮನುಷ್ಯ ಅಂಬಣ್ಣನ ಕಚೇರಿಗೇ ಫೋನ್ ಮಾಡಿದ. ಆವತ್ತು ಅಂಬಣ್ಣ ಅರ್ಧ ಕಿಲೋ ಜಿಲೇಬಿ ತಂದ.

"ವಾರವಾರ ಇಡೀ ರಾಜ್ಯಕ್ಕೆ ಕಾಣುತ್ತದೆ ಅತ್ತೆ. ಶೂಟಿಂಗಿಗೆ ಅವರೇ ಇಲ್ಲಿಗೆ ಬರುತ್ತಾರೆ. ಅವರು ಕೊಡುವುದರಲ್ಲಿ ಮೇಲೆ ಎರಡು ಕೋಣೆ ಕಟ್ಟಬಹುದು."

ಭೀಮಬಾಯಿಯ ಕೈ ಹಿಟ್ಟಿನಲ್ಲೇ ನಿಂತಿತು. ಮೇಲೆ ಕೋಣೆಯಾದರೆ ಗೌತಮಿಗೆ ಓದಲು ಜಾಗವಾಗುತ್ತದೆ, ಟ್ರಂಕು ಹಾಸಿಗೆಗಳೆಲ್ಲ ಮೇಲೇರುತ್ತವೆ, ಅಡುಗೆಮನೆಯಲ್ಲಿ ಕಾಲು ಚಾಚಿ ಕೂರಬಹುದು. ಅವಳು ಆಗಲೇ ಮನಸ್ಸಿನಲ್ಲಿ ಕಿಟಕಿ ಎಲ್ಲಿಡಬೇಕು ಎಂದು ನೋಡಿಟ್ಟಳು.

"ಚಲೋ ಆತಲ್ಲ ಅತ್ತಿ, ಹೂಂ ಅನ್ರಿ," ಎಂದಳು.

"ಒಂದೇ ಒಂದು ಮಾತು," ಎಂದ ಅಂಬಣ್ಣ ಜಿಲೇಬಿಯ ಪೊಟ್ಟಣ ಬಿಚ್ಚುತ್ತ. "ನಮ್ಮ ಭಾಗದ ಮಾತು ಎಲ್ಲರಿಗೂ ಹಿಡಿಸುವುದಿಲ್ಲವಂತೆ. ನೀವು ಸುಮ್ಮನೆ ಮಾತನಾಡಿದರಾಯಿತು. ಆಮೇಲೆ ಅವರು ಅಲ್ಲಿಯ ಕಲಾವಿದೆಯೊಬ್ಬಳ ದನಿ ಕೂಡಿಸುತ್ತಾರೆ."

ಹಣಮಮ್ಮ ಬಾಯಿಗೆ ಒಯ್ದ ಜಿಲೇಬಿಯನ್ನು ಪೊಟ್ಟಣಕ್ಕೆ ವಾಪಸು ಇಟ್ಟಳು.

"ಬ್ಯಾಡ."

"ಯಾಕತ್ತೆ? ಕಮಲಾಪುರದಲ್ಲೂ ಕಾಣುತ್ತದೆ. ಅಪ್ಪನೂ ನೋಡುತ್ತಾನೆ."

"ನಿಮ್ಮಪ್ಪ ಒಮ್ಮಿ ನೋಡ್ಯಾನ. ಸಾಕು."

ಮನೆಯಲ್ಲಿ ಯಾರೂ ಆಡದಿದ್ದ ಮಾತು ಅದು. ಭೀಮಬಾಯಿ ಸೊಸೆಯಾಗಿ ಬಂದ ಮೇಲೆ ಅದನ್ನು ಹಣಮಮ್ಮನ ಬಾಯಿಂದಲೇ ಕೇಳಿದ್ದು ಅಂದೇ ಮೊದಲು. ಹೇಳುವಾಗ ಆ ಗುಡುಗಿನ ದನಿ ಎಷ್ಟು ಸಣ್ಣದಾಯಿತೆಂದರೆ, ಸ್ಟವ್ ಆರಿಸಿ ಕೇಳಬೇಕಾಯಿತು.

"ನಮ್ಮವ್ವಗ ಕಣ್ಣು ಪೂರಾ ಹೋಗಿದ್ವು. ಆ ಮದಿವಿ ಸಿನೆಮಾ ಕಲಬುರ್ಗಿಗಿ ಬಂತು. ನೋಡಾಕಲ್ಲ, ನನ್ನ ದನಿ ಕೇಳಾಕ ಬರ್ತೀನಂತ ಹಟ ಹಿಡಿದ್ಲಂತ. ಮಾಪಾ ಕೈ ಹಿಡಕೊಂಡು ಕರಕೊಂಡು ಬಂದ. ನಾ ಪಡದಿ ಮ್ಯಾಲ ಬಂದೆ. ನೋಡವ್ವ, ಅಕ್ಕ ಬಂದ್ಲು ಅಂದ ಇವ. ಅವ್ವ ಕಿವಿ ಕೊಟ್ಟು ಕೇಳಿದ್ಲು. ಇದು ನನ್ನ ಮಗಳಲ್ಲ ಅಂದ್ಲು. ಮುಖ ಅಕ್ಕಂದೇ ಅದ ಅಂತ ಆಣಿ ಮಾಡ್ಯಾನ ಮಾಪಾ. ನನ್ನ ಮಗಳು ಸತ್ತಾಳ, ನನಗ ಕಣ್ಣಿಲ್ಲಂತ ನೀ ಮುಚ್ಚಿಡಾಕತ್ತಿ ಅಂದ್ಲಂತ. ಅದನ್ನ ನಂಬಿಕೊಂಡೇ ಹೋದ್ಲು. ನಾ ಬರೂದ್ರಾಗ ಮಣ್ಣಾಗಿದ್ಲು. ಮಾಪಾ ಬಾಗಿಲಾಗ ನಿಂತು, ಮೈ ಮಾರಿದ್ರ ತಡಕೋತಿದ್ದೆ, ಅವ್ವಗ ಉಳದಿದ್ದ ಒಂದು ದನಿ, ಅದನ್ನೂ ಮಾರಿಬಿಟ್ಟಿ ಅಂದ. ಆವತ್ತಿಂದ ಮಾತಿಲ್ಲ."

ಅಂಬಣ್ಣ ತಲೆ ತಗ್ಗಿಸಿದ. ಆದರೆ ತಲೆ ತಗ್ಗಿಸಿದವನು ಸುಮ್ಮನಾಗಲಿಲ್ಲ. ಅವನಾಗಲೇ ಒಪ್ಪಿಗೆ ಕೊಟ್ಟುಬಿಟ್ಟಿದ್ದ. ಮರುದಿನದಿಂದ ಮನೆಯಲ್ಲಿ ಅದೇ ಪಾಡು. ಚಹಾಕ್ಕೂ ಅದೇ ಮಾತು, ಊಟಕ್ಕೂ ಅದೇ ಮಾತು.

"ಅದು ಹಳೆಯ ಕಾಲ, ಅತ್ತೆ."

"ದನಿ ಅದೇ ಅದಲ್ಲೋ."

"ಕೊಟ್ಟ ಮಾತು ತಪ್ಪಿಸಿದರೆ ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ?"

"ಮಾತು ನಂದು. ನೀ ಹ್ಯಾಂಗ ಕೊಟ್ಟಿ?"

ಭೀಮಬಾಯಿ ಮೊದಲು ಗಂಡನ ಕಡೆಗೇ ವಾಲಿದ್ದಳು. "ನೀವು ಎಲ್ಲಾ ಬಿಟ್ಟು ಬಂದಾಗ ಕೂಳು ಹಾಕಿದವ್ರು ನಾವೇ ಅಲ್ಲೇನ್ರಿ ಅತ್ತಿ?" ಎಂದೂ ಅಂದುಬಿಟ್ಟಳು ಒಮ್ಮೆ, ಪಾತ್ರೆ ತಿಕ್ಕುವ ಬೇಸರದಲ್ಲಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹಣಮಮ್ಮ ಆವತ್ತು ಊಟಕ್ಕೆ ಏಳಲಿಲ್ಲ. ಸಂಜೆ ತಾನೇ ಎದ್ದು ಬಂದು ಹೇಳಿದಳು:

"ಕರಿ ಅಂಬ್ಯಾ, ನಿನ್ನ ಬೆಂಗಳೂರವರನ್ನ. ಮಾರಿ ತೋರಸ್ತೀನಿ."

ಅಂಬಣ್ಣ ಗೆದ್ದೆ ಎಂದುಕೊಂಡ. ಭೀಮಬಾಯಿಗೆ ಮಾತ್ರ ಅನುಮಾನ ಬಂತು. ಅತ್ತೆ ಮಾರಿ ತೋರಿಸುತ್ತೇನೆಂದು ಮುಖದ ಮಾತಷ್ಟೇ ಆಡಿದಳು, ದನಿಯ ಸುದ್ದಿ ಎತ್ತಲಿಲ್ಲ.

*

ಶೂಟಿಂಗಿನ ದಿನ ಹಜಾರದ ಹಾಸಿಗೆ, ಟ್ರಂಕು, ಜೋಳದ ಚೀಲ ಎಲ್ಲ ಅಡುಗೆಮನೆಗೆ ಬಂದವು. ದೊಡ್ಡ ದೀಪ ಹಚ್ಚಿದರು. ಕೂದಲು ಹಾರುತ್ತದೆಂದು ಫ್ಯಾನು ಆರಿಸಿದರು. ಕಾಲೋನಿಯ ಅರ್ಧ ಜನ ಕಿಟಕಿಯಲ್ಲಿ. ಹಣಮಮ್ಮ ತನ್ನ ಹಸಿರು ಇಲಕಲ್ ಸೀರೆ ಉಟ್ಟು, ಹಾಕಿದ ಗುರುತಿನ ಮೇಲೆ ಕರಾರುವಾಕ್ಕಾಗಿ ಕೂತಳು.

"ಅಮ್ಮ, ನಿಮಗೆ ಹೇಗೆ ಬೇಕೋ ಹಾಗೆ ಮಾತಾಡ್ಕೊಳಿ," ಎಂದ ಕನ್ನಡಕದ ನಿರ್ದೇಶಕ. "ತುಟಿ ಆಡಿದ್ರೆ ಸಾಕು. ವಾಯ್ಸ್ ನಾವು ಹಾಕ್ಕೋತೀವಿ."

ಹಣಮಮ್ಮ ತಲೆಯಾಡಿಸಿದಳು. ನಿರ್ದೇಶಕ ಕೈ ಬೀಸಿದ. ಅವಳು ಹುಬ್ಬೇರಿಸಿದಳು, ಕಣ್ಣರಳಿಸಿದಳು, ಗಲ್ಲದ ಮೇಲೆ ಕೈಯಿಟ್ಟು ಬೆರಗಾದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಹಾ, ಎಂಥ ಅಭಿನಯ! ತುಟಿ ಮಾತ್ರ ಹೊಲಿದ ಹಾಗೆ ಮುಚ್ಚಿತ್ತು.

"ಕಟ್. ಅಮ್ಮ, ತುಟಿ..."

ಮತ್ತೆ ತಲೆಯಾಡಿಸಿದಳು. ಮತ್ತೆ ಹಾಗೇ. ದೀಪದ ಕಾವಿಗೆ ಎಲ್ಲರೂ ಬೆವೆತರು. ನಿರ್ದೇಶಕ ಬೇಡಿಕೊಂಡ, ಗದರಿದ, ಕೊನೆಗೆ ಅಂಬಣ್ಣನ ಕಡೆ ತಿರುಗಿ ಇವರಿಗೆ ಮಾತು ಬರುತ್ತೆ ತಾನೆ ಎಂದು ಕೇಳಿದ. ಅದನ್ನು ಕೇಳಿ ಕಿಟಕಿಯ ಶಾಹಜಾದಿ ಗೊಳ್ಳೆಂದು ನಕ್ಕಳು. ತುಟಿ ಅಲುಗದ ಮುಖಕ್ಕೆ ಯಾವ ಕಲಾವಿದೆಯ ದನಿಯನ್ನೂ ಕೂಡಿಸಲು ಬರುವುದಿಲ್ಲ. ಸ್ಟುಡಿಯೋದಲ್ಲೇ ಹರೆಯ ಕಳೆದವಳಿಗೆ ಅಷ್ಟು ತಿಳಿಯದೇ?

"ದಯವಿಟ್ಟು ತಾವು ಸ್ವಲ್ಪ ಸಮಯ ನೀಡಬೇಕು. ಅವರ ಮನವೊಲಿಸುತ್ತೇನೆ," ಎಂದ ಅಂಬಣ್ಣ.

ನಿರ್ದೇಶಕ ತನ್ನ ಹುಡುಗರ ಕಡೆ ನೋಡಿ ನಕ್ಕ. "ಸಾರ್ ನ್ಯೂಸ್ ಓದ್ದಂಗೆ ಮಾತಾಡ್ತಾರಲ್ಲ!"

ಹುಡುಗರೂ ನಕ್ಕರು. ಅಂಬಣ್ಣನ ಮುಖ ಕಪ್ಪಿಟ್ಟಿತು. ಅಷ್ಟು ವರ್ಷ ಕಷ್ಟಪಟ್ಟು ತಿದ್ದಿದ ನಾಲಿಗೆ, ಅದಕ್ಕೂ ನಗು.

"ಮೇಡಂ, ನೀವಾದ್ರೂ ಹೇಳಿ," ಎಂದ ನಿರ್ದೇಶಕ ಭೀಮಬಾಯಿಗೆ.

ಭೀಮಬಾಯಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಮೇಲಿನ ಕೋಣೆ, ಅದರ ಕಿಟಕಿ ಎಲ್ಲ ಒಂದು ಸಲ ಕಣ್ಣ ಮುಂದೆ ಬಂದವು. ಆಸೆಯಿರಲಿಲ್ಲ ಎಂದರೆ ಸುಳ್ಳು. ಆದರೆ ಬಿಗಿಹಿಡಿದ ಆ ತುಟಿಗಳ ಸುತ್ತ ಬೆವರು ಹನಿಯುತ್ತಿತ್ತು, ಗದ್ದ ಸಣ್ಣಗೆ ನಡುಗುತ್ತಿತ್ತು. ಅದನ್ನು ನೋಡಿ ಅವಳು ತಟ್ಟೆ ಕೆಳಗಿಟ್ಟು, ದೀಪದ ನಡುವೆಯೇ ಹಾದುಹೋಗಿ ಫ್ಯಾನು ಹಚ್ಚಿದಳು.

"ಮುಗೀತ್ರೀ. ಚಾ ಕುಡದು ಹೊಂಡ್ರಿ. ಅಕಿ ಮಾರಿ ಬೇಕಂದ್ರ ದನೀನೂ ಒಯ್ಯಬೇಕು. ಎರಡೂ ಒಂದೇ ಮನ್ಯಾಗಿನವು."

ಜೀಪು ಹೋದ ಮೇಲೆ ಹಣಮಮ್ಮ ಬಾಯಿ ಬಿಟ್ಟಳು. ಕಾಲೋನಿಗೆಲ್ಲ ಕೇಳಿಸಿತು.

"ಭೀಮಾ! ಹಸಿವಾಗ್ಯಾದವ್ವಾ!"

*

ಅಂಬಣ್ಣ ನಾಲ್ಕು ದಿನ ಯಾರೊಡನೆಯೂ ಮಾತಾಡಲಿಲ್ಲ. ಭೀಮಬಾಯಿ ತಟ್ಟೆ ಇಟ್ಟು ಬರುತ್ತಿದ್ದಳು, ಅವನು ಉಂಡು ಕೈ ತೊಳೆಯುತ್ತಿದ್ದ. ಭಾನುವಾರ ಅವಳು ರೊಟ್ಟಿ ಕಟ್ಟಿಕೊಂಡು, ಹಣಮಮ್ಮನ ಟ್ರಂಕಿನಿಂದ ಆ ಮದುವೆ ಸಿನಿಮಾದ ಕ್ಯಾಸೆಟ್ಟು ತೆಗೆಸಿ, ಶಬ್ಬೀರನ ವಿಸಿಆರ್ ಇಸಿದುಕೊಂಡು, ಅತ್ತೆಯನ್ನೂ ಗೌತಮಿಯನ್ನೂ ಕರೆದುಕೊಂಡು ಹೊರಟಳು.

"ಎಲ್ಲಿಗೆ?" ಎಂದ ಅಂಬಣ್ಣ.

"ಕಮಲಾಪುರಕ್ಕ. ಮಾವನ ಮನಿ ಟಿವಿ ನೋಡಾಕ."

"ಅಪ್ಪ ಅತ್ತೆಯನ್ನು ಒಳಗೆ ಬಿಡುವುದಿಲ್ಲ."

"ಬಿಡದಿದ್ರ ಹೊರಗೇ ಕುಂಡ್ರತೀವಿ. ರೊಟ್ಟಿ ಅದಾವ."

ಅಂಬಣ್ಣ ಅವಳ ಕೈಯಿಂದ ವಿಸಿಆರ್ ಕಸಿದುಕೊಂಡು, "ಇದು ವಜ್ಜಿ ಅದ, ನೀ ಕೆಡವ್ತಿ," ಎಂದು ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ. ಮನೆಯಲ್ಲಿ ಅವನ ಬಾಯಿಂದ ಇಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಗೌತಮಿ ಅವ್ವನ ಸೊಂಟ ತಿವಿದಳು.

ಮಾಪಣ್ಣ ಅಂಗಳದಲ್ಲಿ ಬಾಳೆಗೊನೆಗೆ ಹುಲ್ಲು ಸುತ್ತುತ್ತಿದ್ದ. ಅಕ್ಕನನ್ನು ನೋಡಿದ, ನೋಡದವನಂತೆ ಹುಲ್ಲು ಸುತ್ತಿದ. ಹಣಮಮ್ಮ ಹೊಸ್ತಿಲು ದಾಟದೆ ಬಾಗಿಲಲ್ಲೇ ನಿಂತಳು.

"ಅಂಬ್ಯಾ," ಎಂದ ಮಾಪಣ್ಣ, ತಲೆ ಎತ್ತದೆ. "ಬೆಂಗಳೂರವರು ಬಂದಿದ್ರಂತ. ಮತ್ತ ದನಿ ಮಾರ್ಯಾಳಂತೇನು?"

ಅಂಬಣ್ಣ ಬಾಯಿ ತೆರೆಯುವ ಮೊದಲೇ ಹಣಮಮ್ಮ ಹೇಳಿದಳು. "ದನಿ ಮಾರಿಲ್ಲ. ಮಾರಿ ಅಷ್ಟ ಕೇಳಿದ್ರು. ಬಾಯಿ ಮುಚ್ಕೊಂಡು ಕುಂತೆ. ಬರಿಗೈಲೇ ಹೋದ್ರು."

ಹುಲ್ಲು ಸುತ್ತುತ್ತಿದ್ದ ಮಾಪಣ್ಣನ ಕೈ ನಿಂತಿತು. ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಭೀಮಬಾಯಿಗೆ ಅಷ್ಟು ಸಾಕಿತ್ತು. ಅತ್ತೆಯ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಟಿವಿಯ ಮುಂದೆ ಕೂರಿಸಿದಳು. ಅಂಬಣ್ಣ ವೈರು ಜೋಡಿಸಿದ. ದನಿಯ ಗುಂಡಿಯನ್ನು ಭೀಮಬಾಯಿಯೇ ಪೂರ್ತಿ ತಿರುಗಿಸಿ ಆರಿಸಿದಳು.

ಮದುವೆಯ ಚಪ್ಪರ ಬಂತು. ನಾಯಕಿ ತಲೆ ಬಾಗಿಸಿ ಕೂತಿದ್ದಳು. ದೂರದಲ್ಲಿ, ಕಂಬದ ಪಕ್ಕ, ಆರತಿ ತಟ್ಟೆ ಹಿಡಿದ ಹುಡುಗಿ ಪುಷ್ಪರೇಖಾ. ಅವಳ ತುಟಿ ಅಲುಗಿತು. ಹಣಮಮ್ಮ ಸೆರಗನ್ನು ಬಿಗಿಯಾಗಿ ಹಿಡಿದು ಮಾತಾಡಿದಳು.

"ಅವ್ವಾ, ನಾನವ್ವಾ, ಹಣಮಿ. ಉಂಡ್ಯಾ? ಕಣ್ಣಿಗಿ ಮದ್ದು ಹಾಕ್ಯಾರೇನು? ಇಲ್ಲಿ ಸುಳ್ಳ ಮದಿವಿ ನಡದದ, ಅಕ್ಕಿಕಾಳ ಅಷ್ಟ ಖರೇ. ಮಾಪಾ, ಅವ್ವನ ಕೈ ಬಿಡಬ್ಯಾಡೋ. ಏ ಮಾಪಾ, ಕೇಳಾಕತ್ತೀಯೇನೋ?"

ಪರದೆಯ ಹುಡುಗಿಯ ತುಟಿಗೂ ಮುದುಕಿಯ ಮಾತಿಗೂ ಒಂದಕ್ಷರ ಹೆಚ್ಚುಕಡಿಮೆಯಾಗಲಿಲ್ಲ. ಭೀಮಬಾಯಿಗೆ ಆಗ ತಿಳಿಯಿತು. ಅವ್ವನನ್ನೇ ಕರೆದು ಆಡಿದ ಆ ಮಾತನ್ನು ಸಿನಿಮಾದವರು ಅಳಿಸಿದ್ದರು, ಅವ್ವ ಕಿವಿಗೊಟ್ಟು ಕೂತಾಗ ಕೇಳಿದ್ದು ಬೇರೆಯವಳ ದನಿ. ತುಟಿಯನ್ನು ಕಂಡಿದ್ದವನು ಮಾಪಣ್ಣನೊಬ್ಬ. ಕಂಡರೂ ಅವನಿಗೆ ತಿಳಿದಿರಲಿಲ್ಲ.

ಮಾಪಣ್ಣ ಯಾವಾಗಲೋ ಹೊಸ್ತಿಲಿಗೆ ಬಂದು ನಿಂತಿದ್ದ. ಕೈಯಲ್ಲಿ ಇನ್ನೂ ಹುಲ್ಲಿತ್ತು.

"ತಿರಗಿ ಹಚ್ಚವ್ವಾ," ಎಂದ ಸೊಸೆಗೆ.

ಭೀಮಬಾಯಿ ಕ್ಯಾಸೆಟ್ಟು ಹಿಂದಕ್ಕೆ ಓಡಿಸಿದಳು. ಚಪ್ಪರ ಬಂತು, ಕಂಬ ಬಂತು, ಆರತಿ ತಟ್ಟೆ ಬಂತು. ಹಣಮಮ್ಮ ಈ ಸಲ ದನಿ ತಗ್ಗಿಸಲಿಲ್ಲ. ಜೇವರ್ಗಿ ಕಾಲೋನಿಗೆ ಕೇಳುವ ದನಿ ಕಮಲಾಪುರದ ಓಣಿಗೆಲ್ಲ ಕೇಳಿಸಿತು.

"ಏ ಮಾಪಾ, ಕೇಳಾಕತ್ತೀಯೇನೋ?"

"ಕೇಳಾಕತ್ತೀನಿ ಅಕ್ಕಾ," ಎಂದ ಮಾಪಣ್ಣ. "ಅವ್ವ ಉಂಡಾಳ. ಕೈ ಬಿಟ್ಟಿಲ್ಲ ನಾ."